ಔಷಧಿ ಸಾಲದಾದಾಗ ಜನಾಂಗ ನೋಡಬೇಕಾ?

ಪರ: ನೋಡಲೇಬೇಕು

ಕೊರೋನಾ ಮುಂದೆ ಎಲ್ಲರೂ ಒಂದೇ ಅಂತ ಎಷ್ಟೋ ಜನ ಹೇಳಿದರು. 2020ರ ಏಪ್ರಿಲ್‌ನಲ್ಲಿ ಅಮೆರಿಕದ ಶಿಕಾಗೋ ನಗರ ಸತ್ತವರ ಲೆಕ್ಕ ಕೊಟ್ಟಿತು. ನಗರದ ಜನರಲ್ಲಿ ಕಪ್ಪು ಜನಾಂಗದವರು ಶೇ. 30ರಷ್ಟು. ಸತ್ತವರಲ್ಲಿ ಶೇ. 70ರ ಆಸುಪಾಸು! ಅವರಲ್ಲಿ ಲಾಕ್‌ಡೌನ್‌ನಲ್ಲೂ ಬಸ್ ಓಡಿಸಿದವರು, ಆಸ್ಪತ್ರೆ ನೆಲ ಒರೆಸಿದವರು ಮನೆಯಿಂದಲೇ ಕೆಲಸ ಮಾಡೋಕೆ ಆಗುತ್ತಿತ್ತಾ?

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್‌ನ ಕಥೆಯನ್ನೇ ತಗೊಳ್ಳಿ. ಅದು ಚರ್ಮದೊಳಗೆ ಬೆಳಕು ಹಾಯಿಸಿ ರಕ್ತದ ಆಕ್ಸಿಜನ್ ಅಳೆಯುತ್ತದೆ. ಕಪ್ಪು ಚರ್ಮವಿದ್ದರೆ ಕೆಲವು ಸಲ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. 2020ರ ಡಿಸೆಂಬರ್‌ನಲ್ಲಿ ಮಿಶಿಗನ್‌ನ ವೈದ್ಯರು ಇದನ್ನು ಲೆಕ್ಕಸಮೇತ ತೋರಿಸಿದರು. ಮೀಟರ್‌ನಲ್ಲಿ 92ರಿಂದ 96 ಇದ್ದವರ ರಕ್ತ ತೆಗೆದು ನೋಡಿದಾಗ, ನಿಜವಾದ ಮಟ್ಟ 88ಕ್ಕಿಂತ ಕೆಳಗಿದ್ದದ್ದು ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7. ಉಸಿರು ಕಟ್ಟುತ್ತಿದ್ದರೂ 'ನಿಮಗೇನೂ ಆಗಿಲ್ಲ, ಮನೆಗೆ ಹೋಗಿ' ಅನ್ನಿಸಿಕೊಳ್ಳುವ ಅಪಾಯ ಯಾರಿಗೆ ಜಾಸ್ತಿ ಹೇಳಿ.

ವಯಸ್ಸಾದವರಿಗೆ ಮೊದಲು ಲಸಿಕೆ ಅನ್ನುವ ನಿಯಮವೂ ಅಷ್ಟೇ. ಬೇಗ ಸಾಯುವ ಜನಾಂಗದಲ್ಲಿ 75 ದಾಟುವವರೇ ಕಡಿಮೆ. ಹಾಗಾಗಿ ವರ್ಮಾಂಟ್ ರಾಜ್ಯ 2021ರ ಏಪ್ರಿಲ್ 1ರಿಂದ ಬಿಳಿಯರಲ್ಲದ 16 ದಾಟಿದವರಿಗೆಲ್ಲ, ಅವರ ಮನೆಯವರಿಗೂ ಲಸಿಕೆ ತೆರೆದದ್ದು ಸರಿಯೇ. ಉಳಿದವರು ಕಾದದ್ದು ಕೆಲವು ದಿನ ಮಾತ್ರ.

ವಿರೋಧ: ವಿಳಾಸ ನೋಡಿ, ಚರ್ಮ ಬೇಡ

ಅನ್ಯಾಯ ಆಗಿಲ್ಲ ಅಂತ ನಾನು ಹೇಳುತ್ತಿಲ್ಲ. ಆದರೆ ಆಕ್ಸಿಮೀಟರ್ ತಪ್ಪು ತೋರಿಸಿದರೆ ಆಕ್ಸಿಮೀಟರ್ ಸರಿಮಾಡಿ. ಅದಕ್ಕೂ ಲಸಿಕೆಯ ಸರದಿಗೂ ಏನು ಸಂಬಂಧ?

ಯೂಟಾ ರಾಜ್ಯ ಕೋವಿಡ್ ಔಷಧಿ ಹಂಚಲು ರೋಗಿಗಳಿಗೆ ಅಂಕ ಕೊಡುತ್ತಿತ್ತು, ಹೆಚ್ಚು ಅಂಕ ಇದ್ದವರಿಗೆ ಮೊದಲು ಔಷಧಿ. ಬಿಳಿಯರಲ್ಲದವರಿಗೆ 2 ಅಂಕ. ಅಂದರೆ ದೊಡ್ಡ ಮನೆಯ ಕಪ್ಪು ವಕೀಲರಿಗೆ ಸಿಗುವ ಅಂಕ, ಅಗ್ಗದ ಟ್ರೈಲರ್ ಮನೆಯಲ್ಲಿ ಬದುಕುವ ಬಿಳಿ ಕೂಲಿಯವನಿಗಿಲ್ಲ. ಕಾನೂನಿನ ತಕರಾರು ಎದ್ದು, 2022ರ ಜನವರಿಯಲ್ಲಿ ಯೂಟಾ, ಮಿನೆಸೋಟ ಎರಡೂ ಜನಾಂಗದ ಅಂಕ ಕೈಬಿಟ್ಟವು. ಔಷಧಿ ಹಂಚಬೇಕಾದವರು ವಕೀಲರ ಹಿಂದೆ ಓಡಾಡುತ್ತಾ ಕೂತರೆ ರೋಗಿಗೇನು ಸಿಕ್ಕಿತು?

ಕ್ಯಾಲಿಫೋರ್ನಿಯ 2021ರ ಮಾರ್ಚ್‌ನಲ್ಲಿ ಶೇ. 40ರಷ್ಟು ಲಸಿಕೆಯನ್ನು ತೀರಾ ಹಿಂದುಳಿದ ಬಡಾವಣೆಗಳಿಗೆ ಎತ್ತಿಟ್ಟಿತು. ಜನಾಂಗದ ಹೆಸರೆತ್ತದೆಯೇ ಲ್ಯಾಟಿನೋ, ಕಪ್ಪು ಬಡಾವಣೆಗಳಿಗೆ ಪಾಲು ಸಿಕ್ಕಿತು. ಇದರಲ್ಲೂ ಕಳ್ಳದಾರಿ ಇದೆ, ಒಪ್ಪುತ್ತೇನೆ. ಅದಕ್ಕೆ ಸ್ವಲ್ಪ ಮುಂಚೆ ಬಡವರಿಗಂತ ಕೊಟ್ಟ ಬುಕಿಂಗ್ ಕೋಡ್‌ಗಳು ಉಳ್ಳವರ ಫೋನ್‌ಗಳಲ್ಲಿ ಹರಿದಾಡಿದ್ದವು. ಕೋಡ್ ಬಂದರೆ ಕದಿಯುವವರೂ ಬರುತ್ತಾರೆ, ಅಲ್ವಾ?

ಅದಕ್ಕೇ ನನಗೆ ಹಿಡಿಸಿದ್ದು 2021ರ ಜೂನ್‌ನಲ್ಲಿ ಬೈಡನ್ ಸರ್ಕಾರ ಹಿಡಿದ ದಾರಿ. ಕಪ್ಪು ಜನರು ಹೋಗುವ ಕಟಿಂಗ್ ಶಾಪ್‌ಗಳು, ಬ್ಯೂಟಿ ಪಾರ್ಲರ್‌ಗಳ ಮೂಲಕವೇ ಲಸಿಕೆಯ ಮಾತು ಹಬ್ಬಿಸಿದರು, ಅಲ್ಲೇ ಶಿಬಿರವನ್ನೂ ಮಾಡಿದರು. ವರ್ಷಗಳಿಂದ ಗೊತ್ತಿರುವ ಕಟಿಂಗ್‌ನವನು 'ನಾನೂ ಹಾಕಿಸಿಕೊಂಡೆ' ಅಂದರೆ ನಂಬುವಷ್ಟು ಸರ್ಕಾರಿ ಪೋಸ್ಟರನ್ನು ಯಾರೂ ನಂಬುವುದಿಲ್ಲ. ಅಲ್ಲಿ ಯಾರನ್ನೂ ಹಿಂದೆ ತಳ್ಳಬೇಕಾಗಿರಲಿಲ್ಲ.