ಮನೆ ಅಂತ ಬರದ್ರ ಮನೆ ಅಂತ ಓದಬಾರದೇನ್ರಿ?

ಬ್ಯಾಂಕಿನ್ಯಾಗಿನ ಮಷೀನಿನ ಪರದೆ ಮ್ಯಾಲ ‘ಮನೆ’ ಅಂತ ಬರದಿತ್ತು. ಬಾಜೂಕ ಸಣ್ಣ ಮನೀ ಚಿತ್ರಾನೂ ಇತ್ತು. ನನಗ ಬೇಕಾಗಿದ್ದು ಮನೀ ಸಾಲದ ಬಡ್ಡಿ ಸರ್ಟಿಫಿಕೇಟು. ಈಗ ನೀವ ಹೇಳ್ರಿ, ನಾ ಬ್ಯಾರೆ ಯಾವ ಬಟನ್ ಒತ್ತಬೇಕಿತ್ತು?

ಒತ್ತಿದ್ನಿ. ಖಾತೆ ನಂಬರ್, ಹುಟ್ಟಿದ ತಾರೀಖು, ಪ್ಯಾನು, ಅದರ ಮ್ಯಾಲ ಓಟಿಪಿ, ಇಷ್ಟೆಲ್ಲಾ ತುಂಬಿ ಅಲ್ಲೀತನಕ ಬಂದಿದ್ನಿ. ಎಲ್ಲಾ ಅಳಿಸಿ ಹೋಗಿ ‘ಭಾಷೆ ಆಯ್ಕೆ ಮಾಡಿ’ ಅನ್ನೂ ಮೊದಲನೇ ಪರದೆ ಬಂದು ಕುಂತಿತು. ನಂದ ಬೆರಳು ಎಲ್ಲೋ ತಾಗಿರಬೇಕು ಅಂದ್ಕೊಂಡು ಮತ್ತ ತುಂಬಿದ್ನಿ. ಮತ್ತ ಮನೆ. ಮತ್ತ ಭಾಷೆ.

ಆ ಪರದೆ ಮ್ಯಾಲಿನ ಕೀಬೋರ್ಡರ ಎಂಥಾದ್ದು! ಎಬಿಸಿಡಿ ಸಾಲಿನ್ಯಾಗ ಜೋಡಿಸ್ಯಾರ. 24 ವರ್ಷ ಆತು ನಾ ಡಿಟಿಪಿ ಮಾಡಾಕತ್ತು. ‘ನುಡಿ’ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನೊಳಗ ಕಣ್ಣು ಮುಚ್ಚಿ ಲಗ್ನಪತ್ರಿಕೆ ಹೊಡೀತೀನಿ. ಒತ್ತಕ್ಷರ ಬಂತಂದ್ರ ಎಡಗೈ ತೋರಬೆರಳು ತಾನ ಎಫ್ ಮ್ಯಾಲ ಹೋಗ್ತೈತಿ. ಆ ಬೆರಳಿಗೆ ಅಲ್ಲಿ ಎಫ್ ಸಿಗವಲ್ತು. ಸಿ, ಡಿ, ಇ, ಎಫ್ ಅಂತ ಒಂದನೇತ್ತಾ ಹುಡುಗನಂಗ ಬಾಯಾಗ ಹೇಳ್ಕೋತ ಹುಡುಕಾಕತ್ತಿದ್ನಿ. ಅಷ್ಟ್ರಾಗ ಕೆಂಪಕ್ಷರದಾಗ ಬಂತು: ‘ನಿಮ್ಮ ಅವಧಿ ಮುಗಿದಿದೆ.’ ಹಿಂದ ನಿಂತಾಂವ ಒಬ್ಬ ಅದನ್ನ ಗಟ್ಟಿಯಾಗಿ ಓದಿದ. ನನಗ 53. ಬಿಪಿ ಗುಳಿಗಿ ಚಾಲೂ ಅದಾವ.

ಇಷ್ಟಕ್ಕ ಮುಗದಿದ್ರ ನಾ ಬರೀತಿದ್ದಿಲ್ಲ. ವಾಚ್‌ಮನ್ ಎದ್ದು ಬಂದ. ‘ಯಾಕ್ರೀ ಯಜಮಾನ್ರ, ಓದಾಕ ಬರೂದಿಲ್ಲೇನ್ರಿ?’

ಬೈದಿದ್ರ ತಿರುಗಿ ಬೈತಿದ್ನಿ. ಅಂವ ಬೈಲಿಲ್ಲ, ಮರುಕದಿಂದ ಕೇಳಿದ. ಹೆಗಲ ಮ್ಯಾಲ ಕೈ ಬ್ಯಾರೆ ಇಟ್ಟ. ಪಾಳೆದಾಗ ಹತ್ತು ಹನ್ನೆರಡು ಮಂದಿ. ಅವರೊಳಗ ಒಬ್ಬಾಕಿ ಮಗಳ ಲಗ್ನಪತ್ರಿಕೆ ನನ್ನ ಕಡೆನ ಮಾಡಿಸಿದಾಕಿ, ಬಾಕಿ ರೊಕ್ಕ ಇನ್ನೂ ಕೊಟ್ಟಿಲ್ಲ, ಆಕೀನೂ ಸೆರಗು ಬಾಯಿಗೆ ಹಿಡಕೊಂಡು ನಕ್ಕಳು. ಅಕ್ಷರ ಜೋಡಿಸಿ ಹೊಟ್ಟಿ ಹೊರಿಯೂ ಮನಷ್ಯಾಗ ಓದಾಕ ಬರೂದಿಲ್ಲೇನು ಅಂತ ಕೇಳ್ತಾರಲ್ರೀ! ಅದಕ್ಕ ನನ್ನ ಬಾಯಿಂದ ಏನು ಬಂತು ಗೊತ್ತೇನು? ‘ಚಸ್ಮಾ ಬಿಟ್ಟು ಬಂದೀನ್ರಿ.’ ಚಸ್ಮಾ ಮೂಗಿನ ಮ್ಯಾಲ ಇತ್ತು.

ನನ್ನ ಸರಿಸಿ ಕುಂದಗೋಳ ಕಡೆ ಅಜ್ಜಿ ಒಬ್ಬಾಕಿ ಮುಂದ ಬಂದ್ಲು. ಆಕಿಗೆ ಖರೇನ ಓದಾಕ ಬರೂದಿಲ್ಲ. ಪುಸ್ತಕದ ಚಿತ್ರ ನೋಡಿ ಒತ್ತಿದ್ಲು, ಪಾಸ್‌ಬುಕ್ ತುರುಕಿದ್ಲು, ಗರ್ ಅಂತ ಪ್ರಿಂಟ್ ಹೊಡಕೊಂಡು ಹೋದ್ಲು. ಅಂದ್ರ ನಾ ಓದಾಕ ಬರ್ತೈತಿ ಅಂತನ ಕೆಟ್ನಿ.

ಆಮ್ಯಾಲ ಹೊಳೀತು, ಅದು ಇಂಗ್ಲಿಷಿನ ‘ಹೋಮ್’, ಅಂದ್ರ ಮೊದಲನೇ ಪರದೆಗೆ ವಾಪಸ್ ಒಯ್ಯೂ ಬಟನ್. 2007ರ ಮೊದಲನೇ ಐಫೋನಿನ ಮುಂದ ಗುಂಡನ್ನ ಒಂದ ಬಟನ್ ಇತ್ತಲ್ಲ, ಅದಕ್ಕೂ ಹೋಮ್ ಬಟನ್ ಅಂತಿದ್ರು. 2017ರಾಗ ಐಫೋನ್ ಟೆನ್ ಬಂದಾಗ ಅವರೂ ಅದನ್ನ ಕಿತ್ತ ಒಗದ್ರು. ಇಲ್ಲಿ ಮಾತ್ರ ಅದಕ್ಕ ಹೆಂಚು ಹೊದಿಸಿ ‘ಮನೆ’ ಅಂತ ಕೂಡಿಸ್ಯಾರ. ‘ಮೊದಲ ಪುಟ’ ಅಂತ ಬರೀಲಿಕ್ಕೆ ಇವರ ಗಂಟೇನು ಹೋಗ್ತಿತ್ತು? ಇಂಗ್ಲಿಷ್ ಆರಿಸಿದ್ರ ನನಗ ಈ ಗತಿ ಬರ್ತಿದ್ದಿಲ್ಲ. ಕನ್ನಡ ಒತ್ತಿದ್ನಿ, ಅಭಿಮಾನಕ್ಕ. ಕನ್ನಡ ಹಾಕಿದಾಂವ ತಾನು ಒಮ್ಮೆರ ಆ ಕನ್ನಡದಾಗ ಒಂದು ಕೆಲಸ ಮಾಡಿ ನೋಡ್ಯಾನೇನು? ಯಾರರ ಉತ್ತರಾ ಕೊಡ್ರಿ. ಬ್ಯಾಂಕಿನವರು ಕೊಡಂಗಿಲ್ಲ, ಮಷೀನ್ ಮಾಡಿದವರು ಕೊಡಂಗಿಲ್ಲ, ನಿಮ್ಮೊಳಗ ಸಾಫ್ಟ್‌ವೇರ್ ಮಂದಿ ಇದ್ರ ನೀವರ ಕೊಡ್ರಿ.

ಚಿಗರಿ ಬಸ್ಸಿನ್ಯಾಗ ಧಾರವಾಡ ಮುಟ್ಟೂತನಕ ಅಳಿಯಗ ಫೋನ್ ಹಚ್ಚಿ ಇದನ್ನ ಹೇಳಿಕೋತ ಬಂದ್ನಿ. ಅಂವ ನಕ್ಕೋತ, ‘ಮಾಮಾ, ಇನ್ನ ಪರದೇನ ಇರೂದಿಲ್ಲ, ಚಸ್ಮಾ ಹಾಕ್ಕೊಂಡು ಮಾತಾಡಿದ್ರ ಆತು’ ಅಂದ. ಗೂಗಲ್ ಗ್ಲಾಸ್ ಅನ್ನೂ ಕಂಪ್ಯೂಟರ್ ಚಸ್ಮಾನೂ ಹಿಂಗ ಬಂದಿತ್ತಲ್ಲೋ, 1,500 ಡಾಲರ್ ಅಂತ, 2015ರಾಗ ಮಂದಿಗೆ ಮಾರೂದ ನಿಲ್ಲಿಸಿದ್ರು ಅಂದ್ನಿ. ಎದಿಗೆ ಸಿಗಿಸಿಕೊಳ್ಳೂ ಎಐ ಪಿನ್ನು, ಅಂಗೈ ಮ್ಯಾಲ ಬೆಳಕಿನ್ಯಾಗ ಅಕ್ಷರ ಮೂಡಸ್ತಿತ್ತು, 2024ರಾಗ ಬಂದಿದ್ದು 2025ರ ಫೆಬ್ರುವರಿಯೊಳಗ ಬಂದ್. ಈ ಸಲ ಹಂಗಾಗೂದಿಲ್ಲ ಅಂತಾನ. ಆಗದಿರ್ಲಿ. ಆದ್ರ ನಮ್ಮ ಕಡೆ ‘ಹೂಂ’ ಅಂದ್ರ ಕೇಳಾಕತ್ತೀನಿ, ಮುಂದ ಹೇಳು ಅಂತ ಅರ್ಥ. ಒಪ್ಪೀನಿ ಅಂತಲ್ಲ. ನಾ ಹೂಂ, ಹೂಂ ಅನ್ನೂದ್ರಾಗ ಆ ಚಸ್ಮಾ ನನ್ನ ಹೆಸರಿಲೆ ಇನ್ನೊಂದು ಸಾಲ ಮಂಜೂರ ಮಾಡಿ ಬಿಡ್ತೈತಿ. ಸರ್ಟಿಫಿಕೇಟ್ ಎಲ್ಲಿ ಅಂದ್ರ ಮನೀಗೆ ದಾರಿ ತೋರಸ್ತೈತಿ.

ನಾ ಏನು ದೊಡ್ಡ ಶ್ಯಾಣ್ಯಾ ಅಲ್ಲ ಬಿಡ್ರಿ. ಹೋದ ವರ್ಷ ಒಬ್ಬರ ವಾಸ್ತುಶಾಂತಿ ಕಾರ್ಡಿಗೆ ಬಳ್ಳಿ ಬಳ್ಳಿ ಅಕ್ಷರ ಹಾಕಿದ್ನಿ. ಟೈಮು ಯಾರಿಗೂ ಓದಾಕ ಆಗದ ಅರ್ಧ ಮಂದಿ ಹೋಮ ಮುಗದ ಮ್ಯಾಲ ಸೀದಾ ಊಟಕ್ಕ ಬಂದ್ರು. ಮಾಲಕ ಕೇಳಾಕ ಬಂದ್ರ ‘ಡಿಜೈನ್ ಹಂಗ ಇರ್ತೈತ್ರೀ’ ಅಂದು ಕಳಿಸಿದ್ನಿ. ಈಗ ಅನಸ್ತೈತಿ, ಆ ಮನುಷ್ಯಾ ಈ ಮಷೀನ್ ಕಂಪನ್ಯಾಗ ಇರ್ಬೇಕು.

ಆದ್ರೂ ಇನ್ನೊಮ್ಮೆ ಆ ಪೆಟ್ಟಿಗಿ ಮುಂದ ನಿಂದರೂದಿಲ್ಲ, ಆಣಿ ಮಾಡಿ ಹೇಳ್ತೀನಿ.

ಹೇಳೂದ ಮರತಿದ್ನಿ, ಕಡೀಕ ಕಾಲೇಜ್ ಹುಡುಗ ಒಬ್ಬ ‘ಕಾಕಾ, ಸರೀರಿ’ ಅಂದು ಮಾಡಿಕೊಟ್ಟ. ಅದು ‘ಇತರೆ’ ಅನ್ನೂದರೊಳಗ ಇತ್ತಂತ. ಮನೀ ಸಾಲ ಇತರೆ! ಪ್ರಿಂಟ್ ಒತ್ತಿದ, ಮಷೀನಿನ್ಯಾಗ ಹಾಳಿ ಖಾಲಿ. ಆಡಿಟರ್ ನಾಳೆ ಸಂಜೀಕ ಬೇಕ ಬೇಕು ಅಂದಾನ. ಹನ್ನೊಂದಕ್ಕ ಹೋಗ್ತೀನಿ. ಹಾಳಿ ನಾನ ಒಯ್ತೀನಿ, ಪ್ರೆಸ್ಸಿನ್ಯಾಗ ರೀಮ್‌ಗಟ್ಟಲೆ ಬಿದ್ದಾವ.