ಮೊದಲ ರಾತ್ರಿ ಸೋಪು ಕೊಟ್ಟವರು ಯಾರು?

"ನಾಲ್ಕು ದಿನ ಒಳಗೆ ಹಾಕಿದ್ರೆ ಬುದ್ಧಿ ಬರುತ್ತೆ" ಅನ್ನೋ ಮಾತು ಕೇಳಿದಾಗಲೆಲ್ಲ ನನಗೆ ಒಂದು ಸೋಪು ನೆನಪಾಗುತ್ತದೆ.

ನಮ್ಮ ಬೀದಿಯ ಹುಡುಗ. ಇಪ್ಪತ್ತೊಂದು ವಯಸ್ಸು. ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಹಾಕುತ್ತಿಲ್ಲ. ಹೋದ ವರ್ಷ ಒಂದು ಗಲಾಟೆ ಕೇಸಿನಲ್ಲಿ ಜೈಲಿಗೆ ಹೋದ. ಬೇಲ್ ಬೇಗನೇ ಸಿಕ್ಕಿತು, ಶ್ಯೂರಿಟಿ, ಅಂದರೆ ಅವನ ಪರವಾಗಿ ಜಾಮೀನು ನಿಲ್ಲುವವರು, ಸಿಗಲಿಲ್ಲ. ಅವರಮ್ಮ ಹೂ ಕಟ್ಟಿ ಮಾರುವವರು. ಪಹಣಿ ಹಿಡಿದು ಕೋರ್ಟಿಗೆ ಬರುವಂಥ ನೆಂಟರನ್ನು ಎಲ್ಲಿಂದ ತರಬೇಕು? ಬೇಲ್ ಆದಮೇಲೂ ನಾಲ್ಕು ತಿಂಗಳು ಒಳಗೇ ಇದ್ದ.

ಬಿಡುಗಡೆಯಾಗಿ ಬಂದಮೇಲೆ ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕೂತು ಹೇಳಿದ. "ಮೊದಲನೇ ರಾತ್ರಿ ಕಾಲು ಚಾಚೋಕೂ ಜಾಗ ಇರಲಿಲ್ಲ ಸಾರ್. ಒಬ್ಬಣ್ಣ ಕರೆದು ಪಕ್ಕದಲ್ಲಿ ಮಲಗಿಸಿಕೊಂಡ. ಬೆಳಿಗ್ಗೆ ಸೋಪು ಕೊಟ್ಟ. ಹೊಸದು, ಕವರ್ ಕೂಡ ಬಿಚ್ಚಿರಲಿಲ್ಲ. ಏನೂ ಕೇಳಲಿಲ್ಲ." ಆ 'ಏನೂ ಕೇಳಲಿಲ್ಲ' ಅನ್ನೋದನ್ನು ಎರಡು ಸಲ ಹೇಳಿದ.

ನಾನು ಡಿಗ್ರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಎಡ್ವಿನ್ ಸದರ್ಲ್ಯಾಂಡ್ ಹೇಳಿದ್ದನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಅಪರಾಧ ರಕ್ತದಲ್ಲಿ ಬರುವುದಿಲ್ಲ, ಹತ್ತಿರದವರ ಸಹವಾಸದಲ್ಲಿ ಕಲಿಯುತ್ತಾರೆ. ಬೀಗ ಒಡೆಯುವ ಕೈಚಳಕದ ಜೊತೆಗೆ 'ಇದರಲ್ಲಿ ತಪ್ಪೇನಿದೆ' ಅನ್ನುವ ಸಮಜಾಯಿಷಿಯನ್ನೂ ಕಲಿಯುತ್ತಾರೆ. ಆ ಸಹವಾಸ ಎಷ್ಟು ಸಲ, ಎಷ್ಟು ಕಾಲ, ಎಷ್ಟು ಚಿಕ್ಕ ವಯಸ್ಸಿನಲ್ಲಿ, ಎಷ್ಟು ಆಪ್ತ ಅನ್ನೋದು ಮುಖ್ಯ ಎಂದರು ಅವರು. ಬ್ಯಾರಕ್ಕಿನಲ್ಲಿ ಯಾವುದಕ್ಕೆ ಕೊರತೆ? ಇಪ್ಪತ್ತನಾಲ್ಕು ಗಂಟೆ, ತಿಂಗಳುಗಟ್ಟಲೆ, ಮೈಗೆ ಮೈ ತಾಗಿಸಿಕೊಂಡು ಮಲಗುತ್ತಾರೆ.

ಆದರೆ ಆ ಸಹವಾಸಕ್ಕೆ ಹುಡುಗ ಒಪ್ಪಿದ್ದು ಯಾಕೆ? ಇದಕ್ಕೆ ಗ್ರೆಶಮ್ ಸೈಕ್ಸ್ ಬೇಕು. ಅವರೂ ಸಮಾಜಶಾಸ್ತ್ರಜ್ಞರೇ, ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಜೈಲನ್ನು ನೋಡಿ 1958ರಲ್ಲಿ ಬರೆದವರು. ಸ್ವಾತಂತ್ರ್ಯದ ಜೊತೆಗೇ ದಿನಬಳಕೆಯ ಸಾಮಾನು, ಹೆಣ್ಣಿನ ಸಂಗ, ತನ್ನ ದಿನವನ್ನು ತಾನೇ ನಡೆಸುವ ಹಕ್ಕು, ಭಯವಿಲ್ಲದ ನಿದ್ದೆ ಎಲ್ಲವನ್ನೂ ಜೈಲು ಕಿತ್ತುಕೊಳ್ಳುತ್ತದೆ ಎಂದರು. ಕಳೆದುಹೋದದ್ದರಲ್ಲಿ ಒಂದು ಚೂರನ್ನು ವಾಪಸ್ ಕೊಡುವವನೇ ಅಲ್ಲಿ ಅಣ್ಣನಾಗುತ್ತಾನೆ ಅಂತ ನನಗನ್ನಿಸುತ್ತದೆ. ಒಬ್ಬರ ಅನ್ನ ಉಂಡರೆ ಋಣ ಅನ್ನುವ ನಾಡು ನಮ್ಮದು. ಒಳಗೆ ಸೋಪೂ ಋಣವೇ.

ಸೈಕ್ಸ್ ನೋಡಿದ್ದು ಶಿಕ್ಷೆಯಾದವರನ್ನು. ನಮ್ಮ ಜೈಲುಗಳಲ್ಲಿ 2022ರ ಕೊನೆಗೆ 5,73,220 ಜನ ಇದ್ದರು. ಅವರಲ್ಲಿ 4,34,302 ಜನ ವಿಚಾರಣಾಧೀನ ಕೈದಿಗಳು. ನೂರು ಜನರ ಜಾಗದಲ್ಲಿ 131 ಜನ. ತಪ್ಪು ಮಾಡಿದ್ದಾರೋ ಇಲ್ಲವೋ ಇನ್ನೂ ತೀರ್ಮಾನವೇ ಆಗದವರನ್ನು ಮೊದಲು ಆ ಸಹವಾಸಕ್ಕೆ ತಳ್ಳಿ, ಆಮೇಲೆ ತೀರ್ಪು ಕೊಡುತ್ತೇವೆ. ನನಗೆ ಹೊಟ್ಟೆ ಉರಿಯುವುದು ಇಲ್ಲೇ.

ಹೊರಗಿನ ಲೋಕ ಕೈದಿಯ ಜೊತೆಗೇ ಒಳಗೆ ಬರುತ್ತದೆ ಎಂದವರು ಅಮೆರಿಕದ ಇನ್ನಿಬ್ಬರು ಸಮಾಜಶಾಸ್ತ್ರಜ್ಞರು, ಅರ್ವಿನ್ ಮತ್ತು ಕ್ರೆಸ್ಸಿ, 1962ರಲ್ಲಿ. ನಮ್ಮಲ್ಲಿ ಜಾತಿಯನ್ನು ಕೈದಿಗಳಷ್ಟೇ ತರಲಿಲ್ಲ, ಜೈಲಿನ ನಿಯಮಗಳಲ್ಲೇ ಬರೆದಿಟ್ಟಿದ್ದರು. ಅಡುಗೆಗೆ ಯಾರು, ಕಸ ಗುಡಿಸಲು ಯಾರು ಅಂತ. ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಮೊನ್ನೆ ಮೊನ್ನೆ!

ಬೇಲ್ ಸಿಕ್ಕಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ತಿಂಗಳಾದರೂ ಶ್ಯೂರಿಟಿ ಕೊಡಲಾಗದಿದ್ದರೆ ಕೋರ್ಟೇ ಷರತ್ತು ಸಡಿಲಿಸುವ ಯೋಚನೆ ಮಾಡಬಹುದು. ಇದೂ ಸುಪ್ರೀಂ ಕೋರ್ಟಿನದೇ ಮಾತು, 2023ರ ಜನವರಿ 31ರದ್ದು. ಆ ತಾಯಿಗೆ ಇದನ್ನು ಯಾರೂ ಹೇಳಲಿಲ್ಲ. ಎದುರು ಮನೆಯ ಮೇಷ್ಟ್ರಾದ ನನಗೂ ಆಗ ಗೊತ್ತಿರಲಿಲ್ಲ. ಆ ನೋವು ನನಗಿದೆ. ಉಚಿತ ಕಾನೂನು ನೆರವಿನ ನಂಬರ್ 15100. ದಯವಿಟ್ಟು ಬರೆದಿಟ್ಟುಕೊಳ್ಳಿ.

ಮೊನ್ನೆ ಆ ಅಣ್ಣನಿಂದ ಫೋನ್ ಬಂತಂತೆ. ಏನೋ ಒಂದು ಸಣ್ಣ ಕೆಲಸ, ಒಂದು ದಿನದ್ದು. ಹುಡುಗ ಹೂಂ ಅಂದಿಲ್ಲ, ಉಹೂಂ ಅನ್ನೋಕೂ ಬಾಯಿ ಬರಲಿಲ್ಲವಂತೆ. ನನ್ನ ಹತ್ತಿರ ಬಂದು, "ಎಲ್ಲಾದರೂ ಗ್ಯಾರೇಜಲ್ಲಿ ಕೆಲಸ ಇದ್ರೆ ಹೇಳಿ ಸಾರ್. ಜೈಲಿನ ವಿಷಯ ಕೆದಕದೇ ಇರೋ ಕಡೆ" ಅಂದ.

ಬೈಕ್ ರಿಪೇರಿ ಚೆನ್ನಾಗಿ ಬರುತ್ತೆ ಅವನಿಗೆ. ಗ್ಯಾರೇಜ್ ಇಟ್ಟಿರುವವರು ನಿಮಗೆ ಯಾರಾದರೂ ಗೊತ್ತಿದ್ದರೆ ಇನ್‌ಬಾಕ್ಸ್ ಮಾಡಿ.