ಕಪ್ಪು ಬಣ್ಣ ಬಳಿದರೆ ಮಗುವಿಗೆ ದುಃಖ ಅಂತಲ್ಲ

ರಾಯಚೂರಿನ ಪಾಲಕರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಮಗು ಕಪ್ಪು ಬಣ್ಣವನ್ನೇ ಜಾಸ್ತಿ ಬಳಸಿದರೆ, ಕೈಯಿಲ್ಲದ ಮನುಷ್ಯನನ್ನು ಬಿಡಿಸಿದರೆ ಅದರ ಮನಸ್ಸಿಗೆ ಪೆಟ್ಟಾಗಿದೆಯಂತೆ. ಇದು ತಪ್ಪು.

ಮೂರು-ನಾಲ್ಕು ವರ್ಷದ ಮಕ್ಕಳು ದೊಡ್ಡ ತಲೆ ಬರೆದು, ಅದರಿಂದಲೇ ಕಾಲು ಇಳಿಸುತ್ತಾರೆ. ಹೊಟ್ಟೆ ಇರುವುದಿಲ್ಲ, ಎಷ್ಟೋ ಸಲ ಕೈಯೂ ಇರುವುದಿಲ್ಲ. ಥೇಟ್ ಗೊದಮೊಟ್ಟೆ, ಅಲ್ವಾ? ಅದು ಬೆಳವಣಿಗೆಯ ಸಹಜ ಹಂತ. ಕಪ್ಪು ಬಣ್ಣ ಬಿಳಿ ಹಾಳೆಯ ಮೇಲೆ ಚೆನ್ನಾಗಿ ಮೂಡುತ್ತದೆ. ನಮ್ಮ ಕಪ್ಪು ಮಣ್ಣಿನ ಎರೆಹೊಲ ಬಿಡಿಸುವ ಮಗು ಇನ್ಯಾವ ಬಣ್ಣ ಹಿಡಿಯಬೇಕು?

1926ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಫ್ಲಾರೆನ್ಸ್ ಗುಡೆನಫ್ ರೂಪಿಸಿದ, ಮಕ್ಕಳಿಂದ ಮನುಷ್ಯನ ಚಿತ್ರ ಬರೆಸುವ ಪರೀಕ್ಷೆಯೂ ಬುದ್ಧಿಯ ಬೆಳವಣಿಗೆ ಅಳೆಯಲು ಹೊರಟಿದ್ದು, ದುಃಖವನ್ನಲ್ಲ.

ಒಂದು ಚಿತ್ರ ನೋಡಿ ಸುಮ್ನೆ ಗಾಬರಿಯಾಗಬೇಡಿ. "ಇದೇನು ಪುಟ್ಟಾ?" ಅಂತ ಕೇಳಿ. ನಿದ್ದೆ, ಊಟ, ಆಟ ಕೆಟ್ಟಿದ್ದರೆ, ಚಿತ್ರ ಹೇಗೇ ಇರಲಿ, ವೈದ್ಯರಿಗೆ ತೋರಿಸಿ.